ರೇಡಾನ್ ಮಾಪಕದ ಅಂಕಿ ಗಂಟೆಗೊಮ್ಮೆ ಬದಲಾಗುತ್ತಿದ್ದರೆ ಯಾವುದನ್ನು ನಂಬಬೇಕು?

ಪ್ರಶ್ನೆ:
ನಮ್ಮ ನೆಲಮಾಳಿಗೆಯ ಒಂದು ಕೋಣೆಯನ್ನು ಓದಲು ಬಳಸುತ್ತಿದ್ದೇವೆ. ರೇಡಾನ್ ಎಂಬ ವಿಕಿರಣಶೀಲ ಅನಿಲವನ್ನು ಅಳೆಯಲು ಅಲ್ಲಿಟ್ಟಿರುವ ಎಲೆಕ್ಟ್ರಾನಿಕ್ ಮಾಪಕವು ಬೆಳಗಿನ ಜಾವ ಘನಮೀಟರಿಗೆ 310 ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ತೋರಿಸಿದರೆ, ಅದೇ ದಿನ ಮಧ್ಯಾಹ್ನದ ಹೊತ್ತಿಗೆ 120ಕ್ಕೆ ಇಳಿದಿರುತ್ತದೆ. ಮಿತಿಯ ವಿಷಯದಲ್ಲೂ ಗೊಂದಲವಿದೆ: ಒಂದು ಕಡೆ 100 ಎಂದಿದೆ, ಇನ್ನೊಂದು ಕಡೆ 148, ಮತ್ತೊಂದು ಕಡೆ 300. ನೆಲದ ಬಿರುಕುಗಳಿಗೆ ಸೀಲಂಟ್ ತುಂಬಿಸಿದೆವು. ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಗಾಳಿ ಶುದ್ಧೀಕರಿಸುವ ಯಂತ್ರವನ್ನು ಕೊಂಡರೆ ಸಾಕಾಗುತ್ತದೆಯೇ, ಅಥವಾ ನೆಲವನ್ನು ಒಡೆಸಲೇಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1:
ನಿಮ್ಮ ಮಾಪಕ ತೋರಿಸುತ್ತಿರುವ ಎರಡೂ ಅಂಕಿಗಳು ಸರಿಯೇ ಇರಬಹುದು. ಆದರೆ ಎರಡರಲ್ಲಿ ಯಾವುದನ್ನೂ ಆಧರಿಸಿ ತೀರ್ಮಾನಕ್ಕೆ ಬರಬೇಡಿ. ಮಣ್ಣು ಮತ್ತು ಬಂಡೆಗಳಲ್ಲಿರುವ ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗಿ, ಅದರಿಂದ ರೇಡಾನ್ ಹುಟ್ಟುತ್ತದೆ. ಅದು ಮನೆಯೊಳಗೆ ಎಷ್ಟು ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಒಳಗಿನ ಮತ್ತು ನೆಲದಡಿಯ ಗಾಳಿಯೊತ್ತಡಗಳ ನಡುವಿನ ಅಂತರ. ರಾತ್ರಿ ಹೊರಗೆ ತಂಪಾದಾಗ ಮನೆಯೊಳಗಿನ ಬೆಚ್ಚನೆಯ ಗಾಳಿ ಮೇಲೇರಿ ಮೇಲಂತಸ್ತಿನಿಂದ ಹೊರಬೀಳುತ್ತದೆ. ಆಗ ಕೆಳಭಾಗದಲ್ಲಿ ಒತ್ತಡ ತಗ್ಗಿ, ಮನೆಯೇ ಮಣ್ಣಿನೊಳಗಿನ ಗಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ, ಕಿಟಕಿಗಳೂ ಮುಚ್ಚಿರುವಾಗ, ಈ ಸೆಳೆತ ಇನ್ನೂ ಹೆಚ್ಚು.

ನೀವು ನೋಡಬೇಕಾದುದು ದೀರ್ಘಾವಧಿಯ ಸರಾಸರಿಯನ್ನು. ಯುರೋಪಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹಲವು ವರ್ಷಗಳ ಸರಾಸರಿಯಲ್ಲಿ 100 ಬೆಕೆರೆಲ್ ಹೆಚ್ಚಾದಂತೆಲ್ಲ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು 16 ಪ್ರತಿಶತ ಏರುತ್ತದೆ. ಆದ್ದರಿಂದ ರೇಡಾನ್ ಕ್ಷಯಿಸುವಾಗ ಹೊಮ್ಮುವ ಆಲ್ಫಾ ಕಣಗಳ ಗುರುತು ಹಿಡಿಯುವ ಪ್ಲಾಸ್ಟಿಕ್ ಶೋಧಕವನ್ನು ಮೂರು ತಿಂಗಳಿಂದ ಒಂದು ವರ್ಷದವರೆಗೆ ಇರಿಸಿ ಪ್ರಯೋಗಾಲಯಕ್ಕೆ ಕಳುಹಿಸುವುದು ಉತ್ತಮ. ನಿಮ್ಮ ಮಾಪಕದಲ್ಲೂ ತಿಂಗಳುಗಟ್ಟಲೆಯ ಸರಾಸರಿಯನ್ನೇ ಗಮನಿಸಿ. ಸಕ್ರಿಯ ಇದ್ದಿಲಿನ ಡಬ್ಬಿ ಎರಡರಿಂದ ಏಳು ದಿನಗಳಲ್ಲಿ ಉತ್ತರ ಕೊಡುತ್ತದೆ, ಆದರೆ ಪರೀಕ್ಷೆಗೆ 12 ಗಂಟೆ ಮೊದಲೇ ಕಿಟಕಿ ಬಾಗಿಲುಗಳನ್ನು ಮುಚ್ಚಿಡಬೇಕು. ಯಾವುದೇ ಸಾಧನವಾದರೂ ಜನ ಬಳಸುವ ಅತ್ಯಂತ ಕೆಳಗಿನ ಅಂತಸ್ತಿನಲ್ಲಿ, ನೆಲದಿಂದ ಕನಿಷ್ಠ ಅರ್ಧ ಮೀಟರ್ ಎತ್ತರದಲ್ಲಿ, ಕಿಟಕಿಯಿಂದಲೂ ಅಡುಗೆಮನೆ ಮತ್ತು ಬಚ್ಚಲಿನಿಂದಲೂ ದೂರವಿರಲಿ.

ಮಿತಿಗಳ ಬಗ್ಗೆ ಹೇಳುವುದಾದರೆ, 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 100 ಬೆಕೆರೆಲ್ ಅನ್ನು ಗುರಿಯಾಗಿ ಸೂಚಿಸಿ, ಅದು ಸಾಧ್ಯವಾಗದ ಕಡೆ 300 ಮೀರಬಾರದು ಎಂದಿತು. 148 ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ ಕ್ರಮ ಕೈಗೊಳ್ಳಬೇಕಾದ ಮಟ್ಟ, ಅಂದರೆ ಅಲ್ಲಿನ ಅಳತೆಯಲ್ಲಿ ಲೀಟರಿಗೆ 4 ಪಿಕೊಕ್ಯೂರಿ. ಇವುಗಳಲ್ಲಿ ಯಾವುದೂ ಸುರಕ್ಷಿತ ಮತ್ತು ಅಪಾಯಕರ ಎಂಬುದರ ನಡುವಿನ ಗೆರೆಯಲ್ಲ. ಮನೆಯಲ್ಲಿ ಧೂಮಪಾನ ಮಾಡುವವರಿದ್ದರೆ ನಾನು ಇನ್ನೂ ಕಡಿಮೆ ಮಟ್ಟದಲ್ಲೇ ಕೆಲಸ ಆರಂಭಿಸುತ್ತಿದ್ದೆ. ಅವರಿಗೆ ರೇಡಾನಿನಿಂದ ಒದಗುವ ಅಪಾಯ ಹಲವು ಪಟ್ಟು ಹೆಚ್ಚು.

ಉತ್ತರ 2:
ಶುದ್ಧೀಕರಣ ಯಂತ್ರಕ್ಕೆ ಹಣ ಹಾಕಬೇಡಿ. ರೇಡಾನ್ ಜಡ ಅನಿಲ. ದೂಳು ಹಿಡಿಯುವ ಫಿಲ್ಟರಿಗೆ ಅದು ಸಿಕ್ಕುವುದಿಲ್ಲ. ಅದರಿಂದ ಹುಟ್ಟುವ ಪೊಲೋನಿಯಂ ಮುಂತಾದ ವಿಕಿರಣಶೀಲ ಘನ ಕಣಗಳಲ್ಲಿ ಒಂದಷ್ಟು ಸಿಕ್ಕಬಹುದು, ನಿಜ. ಆದರೆ ದೂಳೇ ಇಲ್ಲದ ಗಾಳಿಯಲ್ಲಿ ಹೊಸದಾಗಿ ಹುಟ್ಟಿದ ಸೂಕ್ಷ್ಮ ಕಣಗಳು ಅಂಟಿಕೊಳ್ಳಲು ಏನೂ ಸಿಗದೆ ಹಾಗೆಯೇ ತೇಲುತ್ತವೆ ಮತ್ತು ಶ್ವಾಸನಾಳದ ಗೋಡೆಗೆ ಇನ್ನೂ ಸುಲಭವಾಗಿ ಅಂಟುತ್ತವೆ.

ಬಿರುಕು ಮುಚ್ಚುವುದೊಂದರಿಂದಲೇ ಫಲ ಸಿಗದಿರುವುದೂ ಸಹಜವೇ. ಗೋಡೆ ಮತ್ತು ನೆಲ ಕೂಡುವ ಸಂದು, ಪೈಪುಗಳ ಸುತ್ತಲಿನ ತೆರವು, ಟೊಳ್ಳು ಇಟ್ಟಿಗೆಯ ಗೋಡೆ ಹೀಗೆ ದಾರಿಗಳು ಅನೇಕ. ಸೆಳೆತ ಇರುವವರೆಗೆ ಅನಿಲ ಉಳಿದ ದಾರಿಯಲ್ಲಿ ಬರುತ್ತದೆ. ಹಾಗಾಗಿ ಸೆಳೆತದ ದಿಕ್ಕನ್ನೇ ತಿರುಗಿಸಬೇಕು. ಕಾಂಕ್ರೀಟ್ ನೆಲದಲ್ಲಿ ಒಂದು ರಂಧ್ರ ಕೊರೆದು, ಕೆಳಗಿನ ಜಲ್ಲಿ ಅಥವಾ ಮಣ್ಣನ್ನು ಸ್ವಲ್ಪ ಬಗೆದು ಗುಂಡಿ ಮಾಡಿ, ಅಲ್ಲಿಂದ ಪಿವಿಸಿ ಪೈಪನ್ನು ಛಾವಣಿಯ ಮೇಲಿನವರೆಗೆ ಒಯ್ದು, ನಡುವೆ ಸದಾ ಓಡುವ ಫ್ಯಾನೊಂದನ್ನು ಕೂರಿಸುತ್ತಾರೆ. ಆಗ ನೆಲದಡಿಯ ಒತ್ತಡ ಕೋಣೆಯ ಒತ್ತಡಕ್ಕಿಂತ ಕಡಿಮೆಯಾಗಿ, ಅನಿಲ ಕೋಣೆಗೆ ಬರುವ ಮೊದಲೇ ಹೊರಗೆ ಹೋಗುತ್ತದೆ. ನೀವು ಹೆದರಿದಂತೆ ಇಡೀ ನೆಲವನ್ನು ಒಡೆಯಬೇಕಾಗಿಲ್ಲ. ಫ್ಯಾನು ಮಾತ್ರ ವಾಸದ ಭಾಗದಿಂದ ಹೊರಗೇ ಇರಬೇಕು: ಫ್ಯಾನಿನಿಂದಾಚೆಗಿನ ಪೈಪಿನಲ್ಲಿ ಒತ್ತಡ ಹೆಚ್ಚಿರುವುದರಿಂದ, ಅಲ್ಲಿ ಸೋರಿಕೆಯಾದರೆ ಸಾಂದ್ರ ರೇಡಾನ್ ನೇರವಾಗಿ ಮನೆಗೇ ಸುರಿಯುತ್ತದೆ. ನಿಮ್ಮ ಸೀಲಂಟ್ ವ್ಯರ್ಥವಾಗುವುದಿಲ್ಲ. ಫ್ಯಾನು ಕೋಣೆಯ ಗಾಳಿಯನ್ನು ಎಳೆದುಕೊಳ್ಳದಂತೆ ಅದು ತಡೆಯುತ್ತದೆ.

ಇದರಿಂದ ಎಷ್ಟು ಇಳಿಸಬಹುದೆಂಬ ಸಂಶಯವಿದ್ದರೆ ಹಳೆಯ ಪ್ರಸಂಗವೊಂದಿದೆ. 1984ರಲ್ಲಿ ಪೆನ್ಸಿಲ್ವೇನಿಯಾದ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ಹಾದುಹೋದಾಗ ಅವರು ಕೆಲಸ ಮಾಡುತ್ತಿದ್ದ ಅಣುವಿದ್ಯುತ್ ಸ್ಥಾವರದ ವಿಕಿರಣ ಎಚ್ಚರಿಕೆಯ ಗಂಟೆ ಮೊಳಗಿತು. ಅವರ ಮೈಮೇಲಿನ ವಿಕಿರಣ ಬಂದಿದ್ದು ಸ್ಥಾವರದಿಂದಲ್ಲ, ಅವರ ಮನೆಯಿಂದ. ಅಲ್ಲಿ ಅಳೆದ ಮಟ್ಟ ಘನಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್. ದುರಸ್ತಿಯ ನಂತರ ಆ ಕುಟುಂಬ ಅದೇ ಮನೆಗೆ ಮರಳಿತು.

ಪ್ರಶ್ನೆ ಕೇಳಿದವರು:
ವಿವರಗಳಿಗಾಗಿ ಇಬ್ಬರಿಗೂ ಧನ್ಯವಾದಗಳು. ಫ್ಯಾನು ಸದ್ದಿಲ್ಲದೆ ನಿಂತುಹೋದರೆ ಗೊತ್ತಾಗುವುದು ಹೇಗೆ? ಅಲ್ಲಿಯವರೆಗೆ ಕಿಟಕಿ ತೆರೆದಿಟ್ಟರೆ ಉಪಯೋಗವುಂಟೇ?

ಉತ್ತರ 3:
ಕೆಳಗಿನ ಕಿಟಕಿಗಳನ್ನು ತೆರೆದಿಟ್ಟರೆ ಮಟ್ಟ ಇಳಿಯುತ್ತದೆ, ಮುಚ್ಚಿದ ಕೆಲವೇ ಗಂಟೆಗಳಲ್ಲಿ ಮತ್ತೆ ಏರುತ್ತದೆ. ಮೇಲಂತಸ್ತಿನ ಕಿಟಕಿಗಳನ್ನು ಮಾತ್ರ ತೆರೆದರೆ ಸೆಳೆತ ಹೆಚ್ಚಾಗಲೂಬಹುದು.

ಫ್ಯಾನಿನ ಮಟ್ಟಿಗೆ, ಪೈಪಿಗೆ ಯು ಆಕಾರದ ದ್ರವ ಮಾಪಕವೊಂದನ್ನು ಜೋಡಿಸಿಕೊಳ್ಳಿ. ಅದರ ಎರಡು ತೋಳುಗಳಲ್ಲಿ ದ್ರವ ಸಮಮಟ್ಟದಲ್ಲಿದ್ದರೆ ಫ್ಯಾನು ಎಳೆಯುತ್ತಿಲ್ಲವೆಂದೇ ಅರ್ಥ. ಆದರೆ ಅದು ತೋರಿಸುವುದು ಸೆಳೆತವನ್ನು ಮಾತ್ರ, ರೇಡಾನನ್ನಲ್ಲ. ಆದ್ದರಿಂದ ಕೆಲಸ ಮುಗಿದು ಒಂದು ದಿನ ಕಳೆದ ಮೇಲೆ, 30 ದಿನಗಳೊಳಗೆ ಒಮ್ಮೆ ಅಳೆಯಿರಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಿಸಿ. ಮನೆಯಲ್ಲಿ ಹೊಗೆಕೊಳವೆಯುಳ್ಳ ಒಲೆಯೋ ಬಾಯ್ಲರೋ ಇದ್ದರೆ, ಹೊಸ ಫ್ಯಾನಿನ ಸೆಳೆತಕ್ಕೆ ಅದರ ಹೊಗೆ ಕೋಣೆಯೊಳಗೆ ಹಿಮ್ಮರಳುತ್ತಿಲ್ಲವೆಂದು ಕೂರಿಸುವವರಿಂದ ಅಂದೇ ಪರೀಕ್ಷಿಸಿಕೊಳ್ಳಿ. ಕೊಳವೆಬಾವಿಯ ನೀರು ಬಳಸುವವರಾದರೆ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಏಕೆಂದರೆ ಸ್ನಾನದ ಹೊತ್ತಿಗೆ ಅದರಲ್ಲಿ ಕರಗಿದ ರೇಡಾನ್ ಗಾಳಿಗೆ ಸೇರುತ್ತದೆ ಮತ್ತು ನೆಲದಡಿಯ ಪೈಪು ಅದನ್ನು ತಡೆಯಲಾರದು.