ನಕ್ಷತ್ರದ ಗುರುತಿರುವ ಹತ್ತು ರೂಪಾಯಿ ನೋಟು: ಸಂಗ್ರಹಕ್ಕೆ ಯೋಗ್ಯವೇ?

ಪ್ರಶ್ನೆ (ಬಸವನಗುಡಿಯಿಂದ):
ಕಳೆದ ವಾರ ಗಾಂಧಿಬಜಾರಿನಲ್ಲಿ ಹೂವು ಕೊಂಡಾಗ ಚಿಲ್ಲರೆಯಾಗಿ ಬಂದ ಹತ್ತು ರೂಪಾಯಿ ನೋಟಿನ ಕ್ರಮಸಂಖ್ಯೆಯಲ್ಲಿ, ಮೊದಲ ಅಕ್ಷರಗಳಿಗೂ ಅಂಕಿಗಳಿಗೂ ನಡುವೆ ಪುಟ್ಟ ನಕ್ಷತ್ರವೊಂದಿದೆ. ನೋಟು ನಡುವೆ ಮಡಿಚಿದೆ, ಒಂದು ಮೂಲೆಯಲ್ಲಿ ಅರಿಸಿನದ ಕಲೆಯೂ ಇದೆ. ಇದನ್ನು ಇಟ್ಟುಕೊಳ್ಳಬಹುದೇ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ನಕ್ಷತ್ರವಿದೆಯೆಂದು ಅನುಮಾನ ಪಡಬೇಡಿ. ಮುದ್ರಣದಲ್ಲಿ ಕೆಟ್ಟ ನೋಟನ್ನು ತೆಗೆದು, ಆ ಜಾಗಕ್ಕೆ ನಕ್ಷತ್ರದ ನೋಟನ್ನು ಸೇರಿಸಿ ನೂರರ ಕಟ್ಟನ್ನು ಪೂರ್ತಿ ಮಾಡುವ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2006ರಲ್ಲಿ ಹತ್ತು, ಇಪ್ಪತ್ತು ಮತ್ತು ಐವತ್ತು ರೂಪಾಯಿ ನೋಟುಗಳಿಂದ ಆರಂಭಿಸಿತು. ಆದ್ದರಿಂದಲೇ ಅಂತಹ ಕಟ್ಟಿನಲ್ಲಿ ಸಂಖ್ಯೆಗಳು ಅನುಕ್ರಮವಾಗಿರುವುದಿಲ್ಲ. ಚಲಾವಣೆಯಲ್ಲಿ ಅದು ಉಳಿದ ನೋಟುಗಳಿಗೆ ಸಮಾನ.

ಉತ್ತರ 2 (ಮಲ್ಲೇಶ್ವರದಿಂದ):
ಖಂಡಿತ ಇಟ್ಟುಕೊಳ್ಳಿ. 786ರಿಂದ ಕೊನೆಯಾಗುವ ಸಂಖ್ಯೆ, ಆರೂ ಅಂಕಿ ಒಂದೇ ಆಗಿರುವುದು, 123321ರಂತೆ ಎರಡೂ ಕಡೆಯಿಂದ ಒಂದೇ ಬಗೆಯಲ್ಲಿ ಓದಿಸಿಕೊಳ್ಳುವುದು, ಇವನ್ನೆಲ್ಲ ಸಂಗ್ರಾಹಕರು ಹುಡುಕುತ್ತಾರೆ. ಆದರೆ ಬೆಲೆಯನ್ನು ನಿರ್ಧರಿಸುವಲ್ಲಿ ನೋಟಿನ ಸ್ಥಿತಿಗೂ ದೊಡ್ಡ ಪಾತ್ರವಿದೆ. ಕಲೆಯನ್ನು ತೊಳೆಯಲು ಹೋಗಬೇಡಿ, ಇಸ್ತ್ರಿಯನ್ನಂತೂ ಮಾಡಲೇಬೇಡಿ. ನಾನು ಒಮ್ಮೆ 444444 ಸಂಖ್ಯೆಯ ನೋಟಿಗೆ, ಮಡಿಕೆ ಹೋಗಲೆಂದು, ಇಸ್ತ್ರಿ ಹಾಕಿ ಕಾಗದದ ಗರಿಗರಿತನವನ್ನೇ ಕಳೆದೆ. ಆ ನೋವು ಇನ್ನೂ ಇದೆ. ಪಿವಿಸಿ ಹಾಳೆಯ ಆಲ್ಬಂ ಕೂಡ ಬೇಡ, ಕಾಲಾಂತರದಲ್ಲಿ ಅದು ನೋಟಿಗೆ ಅಂಟಿಕೊಳ್ಳುತ್ತದೆ.

ಉತ್ತರ 3:
ಮಾರುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಲಕ್ಷಗಟ್ಟಲೆ ಕೊಡುತ್ತೇವೆಂದು ಹೇಳಿ ಮುಂಗಡ ಶುಲ್ಕ ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ತನ್ನ ಹೆಸರಿನಲ್ಲಿ ಹೀಗೆ ಹಣ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ.