ಮಗನಿಗೆ ಅಂಡರ್-17 ಇಂಡಿಯಾ ಫುಟ್‌ಬಾಲ್ ಟೀಮ್ ಕನಸು: ಚಿಕ್ಕಮಗಳೂರಿನಿಂದ ದಾರಿ ಇದೆಯಾ?

ಕೇಳಿದವರು: ಬಸವನಹಳ್ಳಿಯ ಒಬ್ಬ ಅಮ್ಮ
ಮಗ ಎಂಟನೇ ಕ್ಲಾಸು, 2012ರಲ್ಲಿ ಹುಟ್ಟಿದವನು. ಸಂಜೆಯಾದರೆ ನೇತಾಜಿ ಮೈದಾನದಲ್ಲೇ ಇರುತ್ತಾನೆ. ಅಂಡರ್-17 ಇಂಡಿಯಾ ಟೀಮ್‌ಗೆ ಆಡಬೇಕಂತೆ. ನಮ್ಮ ಮಾವ "ಫುಟ್‌ಬಾಲ್‌ನಲ್ಲಿ ಇಂಡಿಯಾ ಏನು ಗೆದ್ದಿದೆ? ಕ್ರಿಕೆಟ್‌ಗೆ ಹಾಕಿ" ಅಂತಾರೆ. ಬೆಂಗಳೂರಿನ ಒಂದು ಅಕಾಡೆಮಿಯವರು ಹಾಸ್ಟೆಲ್ ಸೇರಿಸಿ ದೊಡ್ಡ ಫೀಸು ಹೇಳಿ, ನ್ಯಾಷನಲ್ ಟೀಮ್‌ವರೆಗೂ ದಾರಿ ಮಾಡಿಕೊಡುತ್ತೇವೆ ಅಂದರು. ಕಳಿಸಬಹುದಾ?

ಸಕಲೇಶಪುರದ ಪಿ.ಟಿ. ಮೇಷ್ಟ್ರು
ಮೊದಲು ನಿಮ್ಮ ಮಾವನಿಗೆ ಉತ್ತರ ಕೊಡೋಣ. 1974ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಯೂತ್ ಟೂರ್ನಿಯಲ್ಲಿ ನಮ್ಮ ಹುಡುಗರು ಇರಾನ್ ಜೊತೆ ಜಂಟಿ ಚಾಂಪಿಯನ್. ಕ್ಯಾಪ್ಟನ್ ಶಬ್ಬೀರ್ ಅಲಿ. ಅವರ ವಯಸ್ಸಿನವರಿಗೆ ಇದು ನೆನಪಿರಬೇಕಿತ್ತು!

ನಮ್ಮ ಹುಡುಗರು ಅಂಡರ್-17 ವಿಶ್ವಕಪ್ ಆಡಿದ್ದು ಒಂದೇ ಸಲ, 2017ರಲ್ಲಿ. ಅದೂ ಆತಿಥೇಯರು ಅಂತ ಸಿಕ್ಕ ಜಾಗ. ದೆಹಲಿಯಲ್ಲಿ ಅಮೆರಿಕದ ಎದುರು 0-3, ಕೊಲಂಬಿಯಾ ಎದುರು 1-2, ಘಾನಾ ಎದುರು 0-4. ಮೂರೂ ಸೋಲು, ನಿಜ. ಆದರೆ ಕೊಲಂಬಿಯಾ ಮ್ಯಾಚ್ ನೋಡಿದವರು ಮರೆಯಲ್ಲ. 82ನೇ ನಿಮಿಷದಲ್ಲಿ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಹೊಡೆದ ಕಾರ್ನರ್‌ಗೆ ಮಣಿಪುರದ ಜೀಕ್ಸನ್ ಸಿಂಗ್ ತಲೆ ಕೊಟ್ಟ. 1-1. ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು. ನಾವೆಲ್ಲ ಎದ್ದು ಕುಣಿಯುತ್ತಿದ್ದೆವು, ಮರು ನಿಮಿಷದಲ್ಲೇ ಕೊಲಂಬಿಯಾ ಮತ್ತೆ ಗೋಲು ಹಾಕಿತು.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು 2018. ಮಲೇಷ್ಯಾದಲ್ಲಿ ಏಷ್ಯಾದ ಅಂಡರ್-16 ಟೂರ್ನಿ, ಕೋಚ್ ಬಿಬಿಯಾನೊ ಫರ್ನಾಂಡಿಸ್. ವಿಯೆಟ್ನಾಂ ಎದುರು 1-0 ಗೆಲುವು, ಇರಾನ್ ಮತ್ತು ಇಂಡೋನೇಷ್ಯಾ ಎದುರು 0-0. ಗುಂಪಿನಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 0-1. ಅದೊಂದು ಗೆದ್ದಿದ್ದರೆ ಆಡಿಯೇ 2019ರ ಅಂಡರ್-17 ವಿಶ್ವಕಪ್‌ಗೆ ಹೋಗುತ್ತಿದ್ದರು.

ಹಾಸನದಿಂದ
ಮೇಷ್ಟ್ರೇ, ಅದೇ ವರ್ಷ ಸ್ಪೇನ್‌ನಲ್ಲಿ ನಮ್ಮ ಅಂಡರ್-20 ಹುಡುಗರು ಹತ್ತೇ ಜನ ಉಳಿದಿದ್ದರೂ ಅರ್ಜೆಂಟೀನಾ ಅಂಡರ್-20 ತಂಡವನ್ನು 2-1ರಿಂದ ಸೋಲಿಸಿದ್ದನ್ನು ಬಿಟ್ಟಿರಲ್ಲ! ಎದುರಿನ ಕೋಚ್ ಲಿಯೊನೆಲ್ ಸ್ಕಲೋನಿ. 2022ರಲ್ಲಿ ಮೆಸ್ಸಿ ಕೈಗೆ ವಿಶ್ವಕಪ್ ಬರುವಾಗ ಕೋಚ್ ಆಗಿದ್ದವರೂ ಅವರೇ.

ಬೇಲೂರಿನ ಒಬ್ಬ ಅಪ್ಪ
ಗೆದ್ದಿದ್ದು ಸೋತಿದ್ದು ಇರಲಿ. ಅಕ್ಕ, ನೀವು ನೋಡಬೇಕಾದ್ದು ಹುಟ್ಟಿದ ವರ್ಷ. ನನ್ನ ಮಗ ಸ್ಟೇಟ್ ಸೆಲೆಕ್ಷನ್‌ವರೆಗೂ ಹೋಗಿದ್ದ, ಅಲ್ಲಿ ಗೊತ್ತಾಗಿದ್ದು ಇದು. 2017ರ ವಿಶ್ವಕಪ್‌ಗೆ 2000ದ ಜನವರಿ 1ರಿಂದ ಈಚೆಗೆ ಹುಟ್ಟಿರಬೇಕಿತ್ತು. ಮುಂದಿನದು 2019ರಲ್ಲಿ, 2002ರಿಂದ ಈಚಿನವರಿಗೆ. ಹಾಗಾದರೆ 2001ರಲ್ಲಿ ಹುಟ್ಟಿದವನು? ತನಗಿಂತ ಒಂದು ವರ್ಷ ದೊಡ್ಡವರ ಜೊತೆ ಜಾಗಕ್ಕೆ ಗುದ್ದಾಡಬೇಕಿತ್ತು, ಇಲ್ಲಾಂದ್ರೆ ಇಲ್ಲ. ಇನ್ನೊಂದು ಬ್ಯಾಚ್ 2020ರ ಏಷ್ಯನ್ ಟೂರ್ನಿಗೆ ಅರ್ಹತೆ ಪಡೆದಿತ್ತು, ಕೋವಿಡ್‌ನಿಂದ ಟೂರ್ನಿಯೇ ರದ್ದು. ಆ ಹುಡುಗರ ವಯಸ್ಸು ಕಾಯುತ್ತಾ?

ಈಗ ಪರವಾಗಿಲ್ಲ. 2025ರಿಂದ ಈ ವಿಶ್ವಕಪ್ ಪ್ರತಿ ವರ್ಷ, 48 ತಂಡ. 2029ರವರೆಗೆ ಐದೂ ಕತಾರ್‌ನಲ್ಲೇ. ನಿಮ್ಮ ಮಗನದು 2029ರ ಬ್ಯಾಚ್. ಅದರ ಅರ್ಹತಾ ಪಂದ್ಯಗಳು ಇನ್ನೂ ಮುಂಚೆ, ಅಂದರೆ ಅವನು ಹತ್ತನೇ ಕ್ಲಾಸು ಮುಗಿಸುವ ಹೊತ್ತಿಗೆ ಯಾರದಾದರೂ ಕಣ್ಣಿಗೆ ಬಿದ್ದಿರಬೇಕು.

ದಾಖಲೆಗಳನ್ನು ಈಗಲೇ ಸರಿಮಾಡಿಕೊಳ್ಳಿ. ಶಾಲೆಯ ದಾಖಲೆ, ಆಧಾರ್, ಜನನ ಪತ್ರ ಮೂರರಲ್ಲೂ ಒಂದೇ ತಾರೀಕು, ಒಂದೇ ಸ್ಪೆಲಿಂಗ್ ಇರಲಿ. ಮಣಿಕಟ್ಟಿನ ಮೂಳೆ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಫಿಫಾದ ಅಂಡರ್-17ರಲ್ಲಿ ಅದಕ್ಕೆ ಎಂ.ಆರ್.ಐ. ಇದೆ. ವಯಸ್ಸು ಕಮ್ಮಿ ಬರೆಸಿದರೆ ಚಾನ್ಸ್ ಜಾಸ್ತಿ ಅಂತ ಸಲಹೆ ಕೊಡುವವರು ನಿಮಗೂ ಸಿಗುತ್ತಾರೆ. ಅವರ ಹತ್ತಿರ ಹೋಗಲೇಬೇಡಿ.

ಮೂಡಿಗೆರೆಯಿಂದ, ಮಗಳು ಆಡ್ತಾಳೆ
ಹುಡುಗಿಯರ ಲೆಕ್ಕ ಯಾರೂ ಹೇಳಲಿಲ್ಲ. 2022ರ ಅಂಡರ್-17 ಮಹಿಳಾ ವಿಶ್ವಕಪ್ ಕೂಡ ಇಲ್ಲೇ ನಡೆದದ್ದು. ಭುವನೇಶ್ವರದಲ್ಲಿ ಅಮೆರಿಕ ಎದುರು 0-8, ಮೊರಾಕೊ ಎದುರು 0-3, ಬ್ರೆಜಿಲ್ ಎದುರು 0-5. ಮೊದಲ ಮ್ಯಾಚ್ ನೋಡಿ ನನ್ನ ಮಗಳು ಟಿವಿ ಆರಿಸಿದಳು. ಮರುದಿನ ಮತ್ತೆ ಪ್ರಾಕ್ಟೀಸ್‌ಗೆ ಹೋದಳು, ನಾನೇನೂ ಹೇಳಲಿಲ್ಲ.

ಸಕಲೇಶಪುರದ ಪಿ.ಟಿ. ಮೇಷ್ಟ್ರು
ದಾರಿ ಕೇಳಿದ್ದಿರಲ್ಲ ಮೇಡಂ. ದುಡ್ಡಿಲ್ಲದ ದಾರಿ ಸುಬ್ರತೋ ಕಪ್, ಶಾಲಾ ತಂಡಗಳ ಫುಟ್‌ಬಾಲ್ ಟೂರ್ನಿ. 1960ರಿಂದ ನಡೆಯುತ್ತಿದೆ, ವಾಯುಪಡೆ ನಡೆಸುತ್ತದೆ. ಶಾಲೆಯ ಟೀಮ್ ಇದ್ದರೆ ಸಾಕು. ತಾಲ್ಲೂಕು, ಜಿಲ್ಲೆ ದಾಟಿದ ಮೇಲೆ ವಿಭಾಗ. ನಿಜವಾದ ಕಷ್ಟ ಅಲ್ಲಿಂದ ಶುರು. ನಮ್ಮ ಎರಡೂ ಜಿಲ್ಲೆ ಮೈಸೂರು ವಿಭಾಗಕ್ಕೆ ಸೇರಿದ್ದು. ದಕ್ಷಿಣ ಕನ್ನಡ, ಕೊಡಗು, ಮೈಸೂರು ಎಲ್ಲ ಎದುರಿಗೇ ಬರುತ್ತಾರೆ. ನಮ್ಮ ಮಲೆನಾಡಿನ ಮಕ್ಕಳಿಗೆ ದಮ್ಮಿದೆ. ಆದರೆ ಜೂನ್‌ನಿಂದ ಮಳೆ ಹಿಡಿದರೆ ಮೈದಾನ ಗದ್ದೆಯ ಹಾಗೆ ಆಗುತ್ತದೆ. ಪಾಸ್ ಕಲಿಯುವ ತಿಂಗಳುಗಳಲ್ಲಿ ಸುಮ್ನೆ ಚೆಂಡು ಎತ್ತಿ ಹೊಡೆಯುವುದನ್ನು ಕಲಿಯುತ್ತಾರೆ. ಮಳೆಗಾಲದಲ್ಲಿ ಯಾವುದಾದರೂ ಶಾಲೆಯ ಹಾಲ್‌ನಲ್ಲಿ ಐದೈದು ಜನ ಆಡಿಸಿ.

ಇನ್ನೊಂದು ದಾರಿ ರಾಜ್ಯ ತಂಡ. ಸಬ್ ಜೂನಿಯರ್ ನ್ಯಾಷನಲ್‌ಗೆ (ಕಿರಿಯರ ರಾಜ್ಯ ತಂಡಗಳು ಆಡುವ ರಾಷ್ಟ್ರೀಯ ಟೂರ್ನಿ) ರಾಜ್ಯದ ಸೆಲೆಕ್ಷನ್ ಯಾವಾಗ ಅಂತ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲೇ ನೇರವಾಗಿ ವಿಚಾರಿಸಿ, ಏಜೆಂಟರ ಮಾತು ಬೇಡ.

ಬೇಲೂರಿನ ಒಬ್ಬ ಅಪ್ಪ
ಅಕಾಡೆಮಿ ಬಗ್ಗೆ ನನ್ನ ಅಭಿಪ್ರಾಯ: ನ್ಯಾಷನಲ್ ಟೀಮ್‌ಗೆ ದಾರಿ ಮಾಡಿಕೊಡುತ್ತೇವೆ ಅನ್ನುವವರಿಗೆ ಫೀಸು ಕಟ್ಟಬೇಡಿ. ಆ ಮಾತು ಕೊಡಲು ಅವರಿಗೆ ಆಗಲ್ಲ. ದೊಡ್ಡ ಕ್ಲಬ್‌ಗಳು ಯೂತ್ ಟೀಮ್‌ಗೆ ಟ್ರಯಲ್ಸ್ ಇಟ್ಟಾಗ ಕರೆದುಕೊಂಡು ಹೋಗಿ. ಬೇಕಾದ ಹುಡುಗನನ್ನು ಅವರೇ ಕೇಳುತ್ತಾರೆ. ಶಾಲೆ ಮಾತ್ರ ಬಿಡಿಸಬೇಡಿ.

ಬಸವನಹಳ್ಳಿಯ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. 1974ರ ವಿಷಯ ಮಾವನಿಗೆ ಹೇಳಿದೆ. "ಇರಾನ್ ಜೊತೆ ಹಂಚಿಕೊಂಡಿದ್ದು ತಾನೆ" ಅಂದರು! ಜನನ ಪತ್ರ ತೆಗೆದು ನೋಡಿದರೆ ಅದರಲ್ಲಿ ಇನಿಶಿಯಲ್ ಇಲ್ಲ, ಆಧಾರ್‌ನಲ್ಲಿ ಇದೆ. ಬೇಲೂರಿನ ಅಣ್ಣ, ಇದನ್ನು ನಗರಸಭೆಯಲ್ಲಿ ಸರಿಮಾಡಿಸೋದಾ, ಇಲ್ಲ ಆಧಾರ್‌ನಲ್ಲೇ ಬದಲಾಯಿಸೋದಾ?

ಬೇಲೂರಿನ ಒಬ್ಬ ಅಪ್ಪ
ಜನನ ಪತ್ರ ಮುಟ್ಟಬೇಡಿ ಅಕ್ಕ, ಆಧಾರ್ ಬದಲಾಯಿಸಿ. ಶಾಲೆಯಲ್ಲಿ ಹೇಗಿದೆ ಅಂತಲೂ ನೋಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ಗೆ ಹೋಗುವುದು ಅಲ್ಲಿನ ಹೆಸರೇ.