ಪುಟ್ಟಿ ಚೌಕಕ್ಕೆ ಐದು ಬದಿ ಅಂದಿದ್ದಕ್ಕೆ

ಕೂಸೇ, ನಿನ್ನ ಮೆಸೇಜು ಈಗ ನೋಡಿದೆ. ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ ಇದು, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಕೆಲಸ ಮಾಡುತ್ತಾ ಕೇಳು.

ಪುಟ್ಟಿ ಚೌಕಕ್ಕೆ ಐದು ಬದಿ ಅನ್ನುತ್ತಾಳೆ, ತ್ರಿಭುಜವನ್ನು ತಲೆಕೆಳಗು ಹಿಡಿದರೆ ಇದು ತ್ರಿಭುಜ ಅಲ್ಲ ಅನ್ನುತ್ತಾಳೆ, ಗದರಿದ್ದಕ್ಕೆ ಅತ್ತುಬಿಟ್ಟಳು ಅಂತ ಬರೆದಿದ್ದೀಯ. ವೃತ್ತಕ್ಕೆ ಎಷ್ಟು ಬದಿ ಬರೆಸಲಿ ಅಂತಲೂ ಕೇಳಿದ್ದೀಯ. ಮೊದಲು ಒಂದು ಮಾತು, ಗದರಬೇಡ. ನಾಲ್ಕೂವರೆ ವರ್ಷದ ಮಗು ಅದು. ಒಂದನೇ ಕ್ಲಾಸಿನ ಮಕ್ಕಳ ಜೊತೆಗೇ ನನ್ನ ಅರ್ಧ ಆಯುಷ್ಯ ಹೋಗಿದೆ. ಈ ಎರಡು ತಪ್ಪು ಮಾಡದ ಮಕ್ಕಳನ್ನು ಕಂಡಿದ್ದೇ ಕಡಿಮೆ.

ಐದು ಎಲ್ಲಿಂದ ಬಂತು ಗೊತ್ತಾ? ಅವಳು ಎಣಿಸುವಾಗ ಬೆರಳನ್ನೇ ನೋಡು. ಒಂದು, ಎರಡು, ಮೂರು, ನಾಲ್ಕು ಅಂತ ಸುತ್ತಿ ಬರುತ್ತದೆ. ಅಷ್ಟರಲ್ಲಿ ಎಲ್ಲಿ ಶುರು ಮಾಡಿದ್ದೆ ಅನ್ನುವುದು ಮರೆತುಹೋಗಿರುತ್ತದೆ. ಮೊದಲನೇ ಬದಿಯನ್ನೇ ಇನ್ನೊಂದು ಸಲ ಎಣಿಸಿಬಿಡುತ್ತಾಳೆ. ಎಣಿಕೆ ಅವಳಿಗೆ ಚೆನ್ನಾಗಿಯೇ ಬರುತ್ತದೆ, ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಶುರು ಮಾಡುವ ಮೂಲೆಗೆ ಒಂದು ಹುಣಸೆ ಬೀಜ ಇಡು. ಬೆರಳು ಸುತ್ತಿಬಂದು ಬೀಜಕ್ಕೆ ತಾಗಿತು ಅಂದರೆ ಎಣಿಕೆ ಮುಗಿಯಿತು.

ಗ್ರೂಪಿನಲ್ಲಿ ಎಲ್ಲರೂ ಆಕಾರಗಳ ಚಾರ್ಟ್ ತರಿಸು ಅಂದಿದ್ದಾರೆ. ತರಿಸು, ಬೇಡ ಅನ್ನುವುದಿಲ್ಲ. ಆದರೆ ಚಾರ್ಟಿನಲ್ಲಿರುವ ಬದಿಯನ್ನು ಕೈಯಲ್ಲಿ ಎತ್ತಲು ಆಗುವುದಿಲ್ಲ ಅಲ್ವಾ? ತೆಂಗಿನ ಗರಿಯ ಕಡ್ಡಿ ನಾಲ್ಕು ತೊಳೆದು, ಚೂಪು ತುದಿ ಮುರಿದು, ಸಮ ಮಾಡಿ ಕೊಡು. ಒಂದು ಕಡ್ಡಿ ಒಂದು ಬದಿ. ಚೌಕ ಜೋಡಿಸಲಿ, ಎಣಿಸಿದ ಕಡ್ಡಿಯನ್ನು ಎತ್ತಿ ಪಕ್ಕಕ್ಕೆ ಇಡಲಿ. ಆಗ ಐದು ಬರುವುದಕ್ಕೆ ದಾರಿಯೇ ಇಲ್ಲ.

ಕಡ್ಡಿ ಅಂದ ಕೂಡಲೇ ಒಬ್ಬ ಹುಡುಗ ನೆನಪಾಗುತ್ತಾನೆ. ಎಲ್ಲರಿಗೂ ಸಮ ಮುರಿದು ಕೊಡುತ್ತಿದ್ದೆ, ಅವತ್ತು ಅವನ ಪಾಲಿಗೆ 2 ಇಂಚಿನ ಎರಡು, 7 ಇಂಚಿನ ಒಂದು ಹೋಗಿತ್ತು. ಉದ್ದದ್ದನ್ನು ನೆಲಕ್ಕಿಟ್ಟ. ಎರಡೂ ತುದಿಗೆ ಒಂದೊಂದು ತುಂಡು ನಿಲ್ಲಿಸಿದ. ಮೇಲೆ ಕೂಡಲೇ ಇಲ್ಲ. ಓರೆ ಮಾಡಿದ, ಇನ್ನೂ ಓರೆ ಮಾಡಿದ. ಕೊನೆಗೆ ಎರಡೂ ಉದ್ದದ ಕಡ್ಡಿಯ ಮೇಲೆಯೇ ಮಲಗಿದವು, ಆದರೂ ನಡುವೆ ಸಂದು. ಬಹಳ ಹೊತ್ತು ನೋಡಿ, 'ಟೀಚರ್, ಇವು ಗಿಡ್ಡ, ಒಂದರ ಕೈ ಇನ್ನೊಂದಕ್ಕೆ ಎಟುಕಲ್ಲ' ಅಂದ. ಎರಡು ಬದಿ ಸೇರಿದರೆ ಮೂರನೆಯದಕ್ಕಿಂತ ಉದ್ದ ಇರಬೇಕು, ಇಲ್ಲದಿದ್ದರೆ ತ್ರಿಭುಜ ಆಗುವುದಿಲ್ಲ ಅಂತ ಮುಂದೆ ದೊಡ್ಡ ಕ್ಲಾಸಿನಲ್ಲಿ ಬರೆಸುತ್ತಾರೆ. ಅವನು ಆರು ವರ್ಷಕ್ಕೆ ನೆಲದ ಮೇಲೆ ಕೂತು ಕಂಡುಕೊಂಡ. ಹಾಗಾಗಿ ಪುಟ್ಟಿಗೂ ಸಮ ಕಡ್ಡಿ ಮಾತ್ರ ಕೊಡಬೇಡ, ಗಿಡ್ಡದ್ದು ಉದ್ದದ್ದು ಬೆರೆಸಿ ಕೊಡು.

ಇನ್ನು ತಲೆಕೆಳಗು ತ್ರಿಭುಜ. ಹಾಲೆಂಡಿನಲ್ಲಿ ವ್ಯಾನ್ ಹೀಲೆ ಅಂತ ಗಂಡ ಹೆಂಡತಿ ಇದ್ದರು, ಇಬ್ಬರೂ ಮೇಷ್ಟರೇ. ಮಕ್ಕಳು ಮೊದಲು ಆಕಾರವನ್ನು ಇಡಿಯಾಗಿ, ಯಾವುದರ ಹಾಗೆ ಕಾಣುತ್ತದೆ ಅಂತ ನೋಡುತ್ತಾರೆ, ಬದಿ ಮೂಲೆ ಗಮನಿಸುವುದು ಆಮೇಲೆ ಅಂತ 1957ರಲ್ಲೇ ಅವರು ಬರೆದರು. ಪುಟ್ಟಿ ಮಾಡುತ್ತಿರುವುದೂ ಅದನ್ನೇ. ಅವಳ ಹಾಳೆಯಲ್ಲಿ ತ್ರಿಭುಜ ಯಾವಾಗಲೂ ಅಡಿ ನೆಲಕ್ಕೆ ಊರಿ ನಿಂತಿರುತ್ತದೆ. ಅವಳ ಮಟ್ಟಿಗೆ ಅದು ಮನೆಯ ಮಾಡು. ಮಾಡು ತಲೆಕೆಳಗಾದರೆ ಮಾಡು ಹೇಗಾದೀತು, ಅಲ್ವಾ? ಅಡಿಕೆ ಹಾಳೆಯ ಮೇಲೆ ಮೂರು ಕಡ್ಡಿ ಅಂಟಿಸಿ ಅವಳ ಕೈಗೇ ಕೊಡು. ಅವಳೇ ತಿರುಗಿಸಲಿ, ಪ್ರತಿ ಸಲ ಎಣಿಸಲಿ. ಊರಿಗೆ ಬಂದಾಗ ಹೆಂಚಿನ ಮಾಡನ್ನು ಪಕ್ಕದಿಂದ ತೋರಿಸಿ, ಇಳಿಜಾರು ಎರಡೇ ಕಾಣುತ್ತದಲ್ಲ, ಮೂರನೇ ಬದಿ ಎಲ್ಲಿ ಅಂತ ಕೇಳು. ಸುಮ್ನೆ ಕೇಳಿ ಬಿಡು, ಉತ್ತರ ಹೇಳಬೇಡ.

ನಮ್ಮ ಸಾಗರ, ಸೊರಬ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ, ಅದನ್ನೂ ತೋರಿಸಬೇಕು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಗೆರೆಗೆ ಗೆರೆ ಸೇರಿಯೇ ಆಕಾರ ಆಗುವುದು. ಬರೆಯುವವರ ಪಕ್ಕ ಮಗುವನ್ನು ಅರ್ಧ ಗಂಟೆ ಕೂರಿಸಿದರೆ ಬದಿ ಅಂದರೆ ಏನು ಅಂತ ಕಣ್ಣಿಗೇ ಸಿಗುತ್ತದೆ.

ಆಯತಕ್ಕೂ ನಾಲ್ಕೇ ಬದಿ, ಚೌಕದಲ್ಲಿ ನಾಲ್ಕೂ ಸಮ. ಚೌಕವನ್ನು ಅವಳು ಆಯತ ಅಂದರೆ ತಪ್ಪು ಅನ್ನಬೇಡ, ಲೆಕ್ಕದ ಪ್ರಕಾರ ಅದು ಸರಿಯೇ. ಪುಸ್ತಕದ 'ಬಾಹು' ಸದ್ಯಕ್ಕೆ ಬೇಡ, ಬದಿ ಅಂದರೆ ಸಾಕು. ಮತ್ತೆ, ಬಿಸ್ಕತ್ತಿನ ಡಬ್ಬಿ ಕೊಟ್ಟು ಬದಿ ಎಣಿಸು ಅನ್ನಬೇಡ. ಡಬ್ಬಿಗೆ ಮುಖ ಬೇರೆ, ಅಂಚು ಬೇರೆ, ಮಗು ಗಲಿಬಿಲಿ ಆಗುತ್ತದೆ.

ವೃತ್ತಕ್ಕೆ ಸೊನ್ನೆ ಬರೆಸು. ಬದಿ ಅಂದರೆ ನೇರ ಗೆರೆ, ವೃತ್ತದಲ್ಲಿ ಅದು ಇಲ್ಲ. ಆದರೆ ಬರೆಸುವ ಮೊದಲು ನಿನ್ನ ಬಳೆ ಒಂದು ಕೊಡು, ಅದಕ್ಕೆ ತಾಗಿಸಿ ಹುಣಸೆ ಬೀಜ ಇಟ್ಟು ಬೆರಳು ಸುತ್ತಿಸಲಿ. ಮೂಲೆ ಒಂದೂ ಸಿಗದೆ ಬೆರಳು ಬೀಜಕ್ಕೆ ವಾಪಸ್ ಬರುತ್ತದೆ. ಆಗ ಏನನ್ನುತ್ತಾಳೋ ಅದನ್ನು ಅವಳ ದನಿಯಲ್ಲೇ ನನಗೆ ಕಳಿಸು, ರಾತ್ರಿ ಕಾಯುತ್ತಿರುತ್ತೇನೆ.